ಸೌರ ಬಿರುಗಾಳಿ ಧ್ರುವಗಳ ಪಾಡು ಮಾತ್ರವಲ್ಲ

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಧ್ರುವಪ್ರಭೆಯಿಂದ ಆಕಾಶ ಕೆಂಪಾಯಿತು. ಎರಡು ದಶಕಗಳಲ್ಲೇ ಅತಿ ಪ್ರಬಲವಾದ ಭೂಕಾಂತೀಯ ಬಿರುಗಾಳಿ ಅದು. ಆ ಚಿತ್ರಗಳ ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಹರಡಿದವು.

ತಪ್ಪು ಕಲ್ಪನೆ: ಧ್ರುವಪ್ರಭೆ ಕಾಣದ ದಕ್ಷಿಣ ಭಾರತಕ್ಕೆ ಬಿರುಗಾಳಿಯಿಂದ ಏನೂ ಆಗುವುದಿಲ್ಲ.

ಸತ್ಯ: ಅಯಾನುಗೋಳ, ಅಂದರೆ ಮೇಲ್ವಾತಾವರಣದ ವಿದ್ಯುದಾವೇಶಿತ ಪದರ, ಅತಿ ದಟ್ಟವಾಗಿರುವುದೇ ನಮ್ಮಂಥ ಕೆಳ ಅಕ್ಷಾಂಶಗಳ ಮೇಲೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಎಂಬ ಗ್ರಾಮವನ್ನು ಆರಿಸಿದ್ದು ಅದಕ್ಕಾಗಿಯೇ. ಇಲ್ಲಿ ಹಗಲಿನ ವಿದ್ಯುತ್ ಕ್ಷೇತ್ರ ಅಯಾನುಗೋಳದ ವಿದ್ಯುದಾವೇಶಿತ ಅನಿಲವಾದ ಪ್ಲಾಸ್ಮಾವನ್ನು ಮೇಲಕ್ಕೆತ್ತುತ್ತದೆ; ಅದು ಕಾರಂಜಿಯಂತೆ ಉತ್ತರಕ್ಕೂ ದಕ್ಷಿಣಕ್ಕೂ ಇಳಿದು, ಸುಮಾರು 15 ಡಿಗ್ರಿ ಕಾಂತೀಯ ಅಕ್ಷಾಂಶದ ಆಸುಪಾಸಿನಲ್ಲಿ ಶೇಖರವಾಗುತ್ತದೆ. ಬಿರುಗಾಳಿ ಎದ್ದಾಗ ಧ್ರುವದ ಕಡೆಯ ವಿದ್ಯುತ್ ಕ್ಷೇತ್ರ ನಿಮಿಷಗಳಲ್ಲೇ ಸಮಭಾಜಕದವರೆಗೆ ನುಗ್ಗುತ್ತದೆ. ಆಗ ಹಗಲಿರುವ ಕಡೆ ಪ್ಲಾಸ್ಮಾ ಇನ್ನೂ ಎತ್ತರಕ್ಕೇರಿ, ಇನ್ನೂ ದೂರಕ್ಕೆ ಹರಡುತ್ತದೆ.

ತಪ್ಪು ಕಲ್ಪನೆ: ಬಿರುಗಾಳಿ ತಣ್ಣಗಾದೊಡನೆ ಎಲ್ಲವೂ ಸರಿಹೋಗುತ್ತದೆ.

ಸತ್ಯ: ಧ್ರುವ ಪ್ರದೇಶದಲ್ಲಿ ಕಾದ ಮೇಲ್ವಾತಾವರಣದ ಗಾಳಿ ಸಮಭಾಜಕದತ್ತ ಬೀಸಲು ಗಂಟೆಗಳು ಬೇಕು. ಆ ಗಾಳಿ ಹುಟ್ಟಿಸುವ ವಿದ್ಯುತ್ ಕ್ಷೇತ್ರದ ದಿಕ್ಕು ತದ್ವಿರುದ್ಧ. ಹಗಲಿನಲ್ಲಿ ಅದು ಪ್ಲಾಸ್ಮಾ ಏರುವುದನ್ನೇ ತಡೆಯುತ್ತದೆ. ಹೀಗಾಗಿ ಮೊದಲ ದಿನ ಉಬ್ಬಿದ ಅಯಾನುಗೋಳ ಮರುದಿನ ಸೊರಗಬಹುದು.

ತಪ್ಪು ಕಲ್ಪನೆ: ಬಿರುಗಾಳಿ ದೊಡ್ಡದಾದಷ್ಟೂ ಉಪಗ್ರಹ ಸಂಕೇತಗಳ ತೊಂದರೆ ದೊಡ್ಡದು.

ಸತ್ಯ: ನಮ್ಮ ಭಾಗದಲ್ಲಿ ಸಂಕೇತ ಮಿನುಗಿ ಕಡಿದುಹೋಗಲು ಮುಖ್ಯ ಕಾರಣ, ಸೂರ್ಯಾಸ್ತದ ನಂತರ ಏಳುವ ಪ್ಲಾಸ್ಮಾ ಗುಳ್ಳೆಗಳು. ಬಿರುಗಾಳಿಯೇ ಇಲ್ಲದ ಶಾಂತ ದಿನಗಳಲ್ಲೂ ಅವು ಹುಟ್ಟುತ್ತವೆ. ಬಿರುಗಾಳಿ ಅವನ್ನು ಎಬ್ಬಿಸಲೂಬಹುದು, ಅಡಗಿಸಲೂಬಹುದು. ಅದು ಬಡಿದಾಗ ಇಲ್ಲಿ ಸಂಜೆಯೋ, ನಡುರಾತ್ರಿಯೋ, ಬೆಳಗೋ ಎಂಬುದು ಬಲುಮುಖ್ಯ. ಆದ್ದರಿಂದ ಅಮೆರಿಕಕ್ಕೋ ಯುರೋಪಿಗೋ ನೀಡಿದ ಮುನ್ಸೂಚನೆಯನ್ನು ಹಾಗೆಯೇ ನಮಗೆ ಅನ್ವಯಿಸಲಾಗದು.

ತಪ್ಪು ಕಲ್ಪನೆ: ಬಿರುಗಾಳಿಯ ರಾತ್ರಿ ಮೊಬೈಲ್ ಪಕ್ಕದಲ್ಲಿಟ್ಟು ಮಲಗಿದರೆ ಅಪಾಯ.

ಸತ್ಯ: ವಾಟ್ಸ್ಯಾಪಿನಲ್ಲಿ ಮತ್ತೆ ಮತ್ತೆ ಬರುವ ಈ ಎಚ್ಚರಿಕೆಗೆ ಆಧಾರವಿಲ್ಲ. ಮೊಬೈಲಿಗೂ ಟವರಿಗೂ ನಡುವಿನ ಸಂಕೇತ ಅಯಾನುಗೋಳವನ್ನು ಮುಟ್ಟುವುದೇ ಇಲ್ಲ. ಆದರೆ ಜಿಪಿಎಸ್ ಸಂಕೇತ ಅದನ್ನು ದಾಟಿಯೇ ಬರಬೇಕು. ದಾರಿಯಲ್ಲಿ ಪ್ಲಾಸ್ಮಾ ಹೆಚ್ಚಿದಷ್ಟೂ ತಡ ಹೆಚ್ಚುತ್ತದೆ. ಒಂದೇ ಆವರ್ತನ ಬಳಸುವ ರಿಸೀವರ್ ತೋರಿಸುವ ಜಾಗ ಹಲವು ಮೀಟರ್ ತಪ್ಪಬಹುದು. ದಾರಿ ಹುಡುಕುವವರಿಗೆ ಇದು ಸಣ್ಣ ಸಂಗತಿ, ಇಳಿಯುತ್ತಿರುವ ವಿಮಾನಕ್ಕೆ ಅಲ್ಲ. ಅದಕ್ಕೆಂದೇ ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಕಟ್ಟಿರುವ ‘ಗಗನ್’ ವ್ಯವಸ್ಥೆ ದೇಶದ ಹಲವು ಕೇಂದ್ರಗಳಲ್ಲಿ ಈ ವಿಳಂಬವನ್ನು ಅಳೆದು ತಿದ್ದುಪಡಿ ಕಳಿಸುತ್ತದೆ. ಸೂರ್ಯ ಕೆರಳಿದಾಗ ನಾವು ಫೋನ್ ಆರಿಸಬೇಕಿಲ್ಲ; ನಮ್ಮ ನೆತ್ತಿಯ ಮೇಲಿನ ಅಯಾನುಗೋಳವನ್ನು ನಮ್ಮ ನೆಲದಿಂದಲೇ ಅಳೆಯುವ ಇಂಥ ಕೇಂದ್ರಗಳನ್ನು ಉಳಿಸಿ ಬೆಳೆಸಬೇಕು.