ಅಟ್ಟದಿಂದ ಇಳಿದ ಧ್ವನಿಸುರುಳಿ

ಮಳೆಗಾಲದ ತಾಳಮದ್ದಳೆಗಳನ್ನು ತುಂಬಿಕೊಂಡ ಧ್ವನಿಸುರುಳಿಗಳು ನಮ್ಮ ಕುಂಬಳೆ ಸೀಮೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಬೂಷ್ಟು ಹಿಡಿದು ಬಿದ್ದಿವೆ. ಅಂಥದೊಂದು ಸೋದರಮಾವನ ಮನೆಯಲ್ಲಿತ್ತು. 1984ರ ಆಟಿ ತಿಂಗಳಲ್ಲಿ ಅವರ ಚಾವಡಿಯಲ್ಲೇ ನಡೆದ 'ಕೃಷ್ಣಸಂಧಾನ'ದಲ್ಲಿ ಮಾವ ಕೌರವನ ಅರ್ಥ ಹೇಳಿದ್ದರು. ಅವರು ಗತಿಸಿದ ಮೇಲೆ ಅವರ ಕಂಠವೆಂದು ಉಳಿದುದು ಅದೊಂದೇ.

ಕಳೆದ ಬೇಸಗೆಯ ರಜೆಯಲ್ಲಿ ಅದನ್ನು ಗಣಕಯಂತ್ರಕ್ಕೆ ಇಳಿಸಲು ಕುಳಿತೆ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸುರುಳಿಯನ್ನು ಒಮ್ಮೆ ಪೂರ್ಣ ಮುಂದಕ್ಕೂ ಹಿಂದಕ್ಕೂ ಓಡಿಸಿ, ಇಯರ್‌ಫೋನಿನ ರಂಧ್ರದಿಂದ ಗಣಕಕ್ಕೆ ತಂತಿ ಜೋಡಿಸಿದೆ. ಕೆಲಸ ಸುಲಭವೆಂದೇ ಭಾವಿಸಿದ್ದೆ. ಹತ್ತು ನಿಮಿಷ ಕೇಳಿದ ಅತ್ತೆಯವರು, "ಇದು ಅವರ ಸ್ವರವಲ್ಲ ಮಗಾ, ಯಾರೋ ಹುಡುಗ ಮಾತಾಡುವ ಹಾಗಿದೆ" ಎಂದು ಎದ್ದು ಒಳಗೆ ಹೋದರು.

ಅವರ ಮಾತು ನಿಜವಾಗಿತ್ತು. ಧ್ವನಿಸುರುಳಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಅಂದು ಮಳೆಗೆ ಕರೆಂಟು ಹೋಗಿ ಯಂತ್ರ ಬ್ಯಾಟರಿಯಲ್ಲಿ ನಡೆದಿತ್ತು. ಬ್ಯಾಟರಿ ಸೋತಂತೆ ಸುರುಳಿ ನಿಧಾನವಾಗಿ ಓಡಿತ್ತು. ಹಾಗೆ ಮುದ್ರಿತವಾದುದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಮಾತು ಅವಸರವಾಗುತ್ತದೆ, ಕಂಠ ತೆಳುವಾಗುತ್ತದೆ, ಮದ್ದಳೆಯ ವಿಳಂಬವೂ ದ್ರುತದಂತೆ ಕೇಳುತ್ತದೆ.

ಆದರೆ ಎಷ್ಟು ತಗ್ಗಿಸಬೇಕು? ಅಂದಾಜಿನಿಂದ ತಗ್ಗಿಸಿದರೆ ಅದು ಮಾವನ ಕಂಠವಾಗದು, ನನ್ನ ಕಲ್ಪನೆಯ ಕಂಠವಾದೀತು. ಆಗ ನೆನಪಾದುದು ಶ್ರುತಿಪೆಟ್ಟಿಗೆ. ಅಂದು ಭಾಗವತರು ಹಾಡಿದ ಅದೇ ಪೆಟ್ಟಿಗೆ ದೇವರ ಕೋಣೆಯಲ್ಲಿ ಇನ್ನೂ ಇತ್ತು. ಅದರ ರೀಡುಗಳು ಕಾಲಾಂತರದಲ್ಲಿ ಕಿಂಚಿತ್ತು ಸಡಿಲಿದರೂ ಬಹಳ ಜಾರಲಾರವು. ಪೆಟ್ಟಿಗೆ ನುಡಿದುದು ಬಿಳಿ ಎರಡು; ಸುರುಳಿಯಲ್ಲಿ ಕೇಳಿದುದು ಕರಿ ಎರಡು. ಒಂದು ಸ್ವರಸ್ಥಾನದ ಏರಿಕೆಯೆಂದರೆ ವೇಗದಲ್ಲಿ ಸುಮಾರು ನೂರಕ್ಕೆ ಆರರ ಹೆಚ್ಚಳ. ಅದನ್ನು ಮೊದಲಿನ ಸ್ಥಿತಿಗೆ ತರಲು ನೂರಕ್ಕೆ 5.6ರಷ್ಟು ತಗ್ಗಿಸಬೇಕು.

ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ 'ಟೆಂಪೋ' ಬದಲಿಸಿದರೆ ನಡೆ ಮಾತ್ರ ಬದಲಾಗುತ್ತದೆ, ಶ್ರುತಿ ಇದ್ದಲ್ಲೇ ಇರುತ್ತದೆ. ನಾನು ಮೊದಲು ಎಡವಿದ್ದು ಅಲ್ಲಿಯೇ. ಎರಡೂ ಒಟ್ಟಿಗೆ ಕೆಟ್ಟಿರುವುದರಿಂದ ಬದಲಿಸಬೇಕಾದುದು 'ಸ್ಪೀಡ್'. ತಿದ್ದುವ ಮೊದಲು ಮೂಲಪ್ರತಿಯನ್ನು ಹಾಗೆಯೇ ಬೇರೆಯಾಗಿ ಕಾದಿರಿಸಿದೆ; ಕೈತಪ್ಪಿದರೆ ಮರಳಲು ದಾರಿ ಬೇಕಲ್ಲ!

ಸಂಜೆ ಪುನಃ ಕೇಳಿಸಿದೆ. ಅತ್ತೆಯವರು ಬಾಗಿಲಲ್ಲೇ ನಿಂತರು. ಕೌರವ ಒಂದು ವಾಕ್ಯ ಮುಗಿಸಿ ಗಂಟಲು ಸರಿಪಡಿಸಿಕೊಂಡಾಗ, "ಹೌದು, ಅವರೇ" ಎಂದು ಕುಳಿತರು.

ಎರಡನೆಯ ಮಗ್ಗುಲು ಬಾಕಿಯಿದೆ. ಅಲ್ಲಿ ಬ್ಯಾಟರಿ ಇನ್ನಷ್ಟು ಸೋತಿದೆ, ಶ್ರುತಿ ಹೋಗುತ್ತ ಹೋಗುತ್ತ ಏರುತ್ತದೆ. ತುಂಡು ತುಂಡಾಗಿ ಪೆಟ್ಟಿಗೆಗೆ ಹೋಲಿಸಿಯೇ ತಿದ್ದಬೇಕು. ಓಣಂ ರಜೆಗೆ ಬರುತ್ತೇನೆಂದು ಅತ್ತೆಯವರಿಗೆ ಹೇಳಿಬಂದಿದ್ದೇನೆ.