ಶಾಲೆಯ ಅಂಗಳದ ಆಕಾಶ: ಯುರೋಪಿನ ಖಗೋಳಶಿಕ್ಷಣ ಸಹಯೋಗ ಹಾಗೂ ಲಿಂಗಸುಗೂರು ಸೀಮೆ

ಖಗೋಳವಿಜ್ಞಾನದ ಅಧ್ಯಯನವಸ್ತು ಯಾವ ಊರಿಗೂ ದೂರವಾದುದಲ್ಲ. ಭೌತವಿಜ್ಞಾನಕ್ಕೂ ರಸಾಯನವಿಜ್ಞಾನಕ್ಕೂ ಪ್ರಯೋಗಾಲಯ ಬೇಕು; ಆಕಾಶವಾದರೋ ಬೆಂಗಳೂರಿನ ಶಾಲೆಗಿಂತ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯ ಶಾಲೆಗೇ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಹೀಗಿದ್ದರೂ ಶಾಲಾ ಪಠ್ಯದಲ್ಲಿ ಅದು ಗ್ರಹಗಳ ಹೆಸರು, ಅವುಗಳ ಕ್ರಮ, ಗ್ರಹಣದ ರೇಖಾಚಿತ್ರ ಇಷ್ಟಕ್ಕೇ ನಿಂತುಬಿಡುವುದು ಸಾಮಾನ್ಯ. ಈ ಕೊರತೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದೂ ಅಲ್ಲ. ಅದನ್ನು ನೀಗಿಸಲು ಯುರೋಪಿನ ಸಂಸ್ಥೆಗಳು ಹಿಡಿದ ಸಹಯೋಗದ ಮಾರ್ಗ ಯಾವುದು, ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಶಾಲೆಗಳಿಗೆ ಅದರಿಂದ ದಕ್ಕುವುದೇನು ಎಂಬುದು ಪ್ರಸ್ತುತ ಲೇಖನದ ವಿಷಯ.

ಐದು ರಾಷ್ಟ್ರಗಳು ಸೇರಿ 1962ರಲ್ಲಿ ಸ್ಥಾಪಿಸಿದ ಯುರೋಪಿಯನ್ ದಕ್ಷಿಣ ವೀಕ್ಷಣಾಲಯವು ಮೂಲತಃ ಸಂಶೋಧನೆಗೆ ಮೀಸಲಾದ ಸಂಸ್ಥೆ. ಅದರ ದೂರದರ್ಶಕಗಳಿರುವುದು ಚಿಲಿ ದೇಶದಲ್ಲಿ, ಆಡಳಿತ ಕೇಂದ್ರವಿರುವುದು ಜರ್ಮನಿಯ ಗಾರ್ಶಿಂಗ್‌ನಲ್ಲಿ. 1994ರಲ್ಲಿ ಈ ಸಂಸ್ಥೆ ಹಲವು ದೇಶಗಳ ಶಾಲಾ ಶಿಕ್ಷಕರನ್ನು ಗಾರ್ಶಿಂಗ್‌ಗೆ ಕರೆಸಿ ಖಗೋಳಬೋಧನೆಯ ಸ್ಥಿತಿಗತಿಯನ್ನು ಚರ್ಚಿಸಿತು. ಅದರ ಫಲವಾಗಿ 1995ರಲ್ಲಿ ಅಥೆನ್ಸ್‌ನಲ್ಲಿ ಯುರೋಪಿಯನ್ ಖಗೋಳಶಿಕ್ಷಣ ಸಂಘ ರೂಪುಗೊಂಡಿತು. ಇದು ಸರ್ಕಾರಗಳ ಒಕ್ಕೂಟವಾಗಿರದೆ ಶಿಕ್ಷಕರದೇ ಸಂಘವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಶಿಕ್ಷಕರಿಗಾಗಿ ಬೇಸಿಗೆ ಶಿಬಿರಗಳು, ಮಕ್ಕಳಿಗಾಗಿ ಸ್ಪರ್ಧೆಗಳು, ಒಂದೇ ದಿನ ಹಲವು ದೇಶಗಳಲ್ಲಿ ನಡೆಸುವ ವೀಕ್ಷಣೆಗಳು ಅದರ ಮುಖ್ಯ ಚಟುವಟಿಕೆಗಳಾದವು.

ಈ ಸಹಯೋಗದ ಸತ್ವ ಪರೀಕ್ಷೆಗೊಳಗಾದದ್ದು 2004ರ ಜೂನ್ 8ರ ಶುಕ್ರಸಂಕ್ರಮಣದ ಸಂದರ್ಭದಲ್ಲಿ. 1882ರ ಅನಂತರ ಭೂಮಿಯ ಮೇಲಿನ ಯಾರೂ ಅಂಥ ಸಂಕ್ರಮಣವನ್ನು ಕಂಡಿರಲಿಲ್ಲ. ದಕ್ಷಿಣ ವೀಕ್ಷಣಾಲಯ, ಶಿಕ್ಷಕರ ಸಂಘ, ಪ್ಯಾರಿಸ್ ವೀಕ್ಷಣಾಲಯ ಮತ್ತು ಅಲ್ಲಿಯ ಖಗೋಳಯಂತ್ರಶಾಸ್ತ್ರ ಸಂಸ್ಥೆ, ಚೆಕ್ ವಿಜ್ಞಾನ ಅಕಾಡೆಮಿಯ ಖಗೋಳ ಸಂಸ್ಥೆ ಇವು ಒಂದಾಗಿ, ಶುಕ್ರವು ಸೂರ್ಯಬಿಂಬದ ಅಂಚನ್ನು ಮುಟ್ಟುವ ಮತ್ತು ಬಿಡುವ ಕ್ಷಣಗಳನ್ನು ಗುರುತಿಸಿ ಕಳುಹಿಸುವಂತೆ ಶಾಲೆಗಳಿಗೂ ಹವ್ಯಾಸಿಗಳಿಗೂ ಕರೆ ನೀಡಿದವು. ನಾಲ್ಕು ಸಾವಿರಕ್ಕೂ ಹೆಚ್ಚು ಕಾಲಮಾಪನಗಳು ಬಂದವು. ಅವುಗಳಿಂದ ಗಣಿಸಿದ ಸೂರ್ಯ–ಭೂಮಿ ದೂರ 14,96,08,708 ಕಿಲೋಮೀಟರ್. ಅಂಗೀಕೃತ ಮೌಲ್ಯ 14,95,97,870 ಕಿಲೋಮೀಟರ್. ವ್ಯತ್ಯಾಸ ಹನ್ನೊಂದು ಸಾವಿರ ಕಿಲೋಮೀಟರ್‌ಗಿಂತ ತುಸು ಕಡಿಮೆ, ಎಂದರೆ ಶೇಕಡ ಒಂದರ ನೂರನೆಯ ಒಂದು ಭಾಗಕ್ಕೂ ಕಿರಿದು.

ಇದು ಸಾಧ್ಯವಾದ ಬಗೆಯನ್ನು ಹೀಗೆ ವಿವರಿಸಬಹುದು. ಕೆಪ್ಲರನ ನಿಯಮದಿಂದ ಗ್ರಹಗಳ ದೂರಗಳ ಅನುಪಾತ ಮಾತ್ರ ತಿಳಿಯುತ್ತದೆ, ಕಿಲೋಮೀಟರಿನ ಲೆಕ್ಕ ತಿಳಿಯುವುದಿಲ್ಲ. ಸೂರ್ಯ–ಭೂಮಿ ದೂರವನ್ನು ಒಂದು ಎಂದಿಟ್ಟುಕೊಂಡರೆ ಸಂಕ್ರಮಣಕಾಲದಲ್ಲಿ ಶುಕ್ರ ಭೂಮಿಯಿಂದ ಸುಮಾರು 0.28ರಷ್ಟು, ಸೂರ್ಯನಿಂದ 0.72ರಷ್ಟು ದೂರದಲ್ಲಿರುತ್ತದೆ. ಭೂಮಿಯ ಮೇಲೆ ಪರಸ್ಪರ ದೂರದಲ್ಲಿರುವ ಇಬ್ಬರು ವೀಕ್ಷಕರಿಗೆ ಶುಕ್ರ ಸೂರ್ಯಬಿಂಬದ ಮೇಲೆ ಬೇರೆ ಬೇರೆ ಗೆರೆಗಳಲ್ಲಿ ಸಾಗಿದಂತೆ ತೋರುತ್ತದೆ. ಸೂರ್ಯನ ಮೇಲೆ ಆ ಗೆರೆಗಳ ನಡುವಿನ ಅಂತರ ವೀಕ್ಷಕರ ನಡುವಿನ ಅಂತರದ ಸುಮಾರು ಎರಡೂವರೆ ಪಟ್ಟಿಗೂ ಹೆಚ್ಚು. ಗೆರೆಯ ಉದ್ದ ಬದಲಾದರೆ ಸಂಕ್ರಮಣದ ಅವಧಿ ಬದಲಾಗುತ್ತದೆ. ಆದ್ದರಿಂದ ಗಡಿಯಾರ ಮತ್ತು ಸ್ಥಳದ ಅಕ್ಷಾಂಶ–ರೇಖಾಂಶ ಇವೆರಡಿದ್ದರೆ ಸಾಕು. ಎಡ್ಮಂಡ್ ಹ್ಯಾಲಿ 1716ರಲ್ಲೇ ಸೂಚಿಸಿದ ಈ ವಿಧಾನಕ್ಕೆ ಒಂದು ಕಟ್ಟಳೆ ಇದೆ: ಒಂಟಿ ವೀಕ್ಷಕನಿಂದ ಅದು ನೆರವೇರದು. ಸಹಯೋಗವು ಇಲ್ಲಿ ಆಡಳಿತದ ಅನುಕೂಲವಾಗಿರದೆ ಗಣಿತದ ಅಗತ್ಯವೇ ಆಗಿತ್ತು. ಯುರೋಪಿನ ಸಂಸ್ಥೆಗಳ ಜಾಣ್ಮೆಯಿದ್ದುದು ಇಂಥ ಘಟನೆಯನ್ನು ಆರಿಸಿಕೊಂಡುದರಲ್ಲಿ.

ಅದೇ ದಿನ ಲಿಂಗಸುಗೂರು ಸೀಮೆಯ ಆಕಾಶದಲ್ಲಿಯೂ ಆ ಸಂಕ್ರಮಣ ಮೊದಲಿನಿಂದ ಕೊನೆಯವರೆಗೆ ನಡೆಯಿತು. ಮುಂಜಾನೆ ಹತ್ತೂಮುಕ್ಕಾಲರ ಸುಮಾರಿಗೆ ಆರಂಭವಾಗಿ ಸಂಜೆ ಐದಕ್ಕೆ ಸ್ವಲ್ಪ ಮುಂಚೆ ಮುಗಿದ ಅದರ ಅವಧಿ ಹೆಚ್ಚುಕಡಿಮೆ ಶಾಲೆಯ ದಿನದಷ್ಟೇ ಉದ್ದ. ಇನ್ನೊಂದು ಸಂಗತಿಯೂ ಇಲ್ಲಿ ಉಲ್ಲೇಖಾರ್ಹ. ಈ ಭಾಗದ ರೈತರು ಮಿರಗ ಎಂದು ಕರೆಯುವ ಮೃಗಶಿರಾ ಮಳೆ ಕೂಡುವುದು ಜೂನ್ 7–8ರ ಸುಮಾರಿಗೆ, ಸೂರ್ಯ ಆ ನಕ್ಷತ್ರಭಾಗವನ್ನು ಪ್ರವೇಶಿಸುವಾಗ. ಶುಕ್ರ ಅಡ್ಡಹಾಯ್ದದ್ದು ಆಗತಾನೆ ಮಿರಗ ಹೊಕ್ಕ ಸೂರ್ಯನನ್ನು. 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ ಬೀಳುತ್ತದೆ. ಮಳೆಯ ಲೆಕ್ಕ ಹೇಳುವ ಒಕ್ಕಲಿಗನ ತಿಳಿವಳಿಕೆಯ ಹಿಂದೆ ಕ್ರಾಂತಿವೃತ್ತದ ಮೇಲಿನ ಸೂರ್ಯನ ಚಲನೆ ಹೀಗೆ ಅಡಗಿದೆ. ಪಠ್ಯಪುಸ್ತಕ ಈ ಎರಡನ್ನೂ ಬೆಸೆಯುವ ಪ್ರಯತ್ನ ಮಾಡುವುದು ವಿರಳ. ಮಗು ಮನೆಯಲ್ಲಿ ಕೇಳಿದ ನಕ್ಷತ್ರ ಒಂದು, ಶಾಲೆಯಲ್ಲಿ ಓದಿದ ನಕ್ಷತ್ರ ಮತ್ತೊಂದು ಎಂಬಂತಾಗಿದೆ.

ಶುಕ್ರಸಂಕ್ರಮಣವನ್ನು ಜನಭಾಷೆಯಲ್ಲಿ ವಿವರಿಸುವ ಕಾರ್ಯಕ್ಕೆ ದಕ್ಷಿಣ ಭಾರತದಲ್ಲಿ ಹಳೆಯ ಮೇಲ್ಪಂಕ್ತಿಯೂ ಇದೆ. ಮದ್ರಾಸು ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು 1874ರ ಡಿಸೆಂಬರ್ 9ರ ಸಂಕ್ರಮಣಕ್ಕೆ ಮುನ್ನ ಪಂಡಿತ–ಸಿದ್ಧಾಂತಿಗಳ ಸಂವಾದರೂಪದ ಕಿರುಹೊತ್ತಗೆಯೊಂದನ್ನು ರಚಿಸಿದರು. ಅದು ಇಂಗ್ಲಿಷಿನ ಜೊತೆಗೆ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟವಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಅವರು ಅದನ್ನು ಕುರಿತು ಅಧ್ಯಯನ ನಡೆಸಿದ್ದಾರೆ. ಸಹಯೋಗಕ್ಕೆ ಸಂಸ್ಥೆಗಳು ಎಷ್ಟು ಮುಖ್ಯವೋ ಭಾಷೆಯೂ ಅಷ್ಟೇ ಮುಖ್ಯವೆಂಬುದನ್ನು ಆ ಗ್ರಂಥಕಾರರು ಆಗಲೇ ಮನಗಂಡಿದ್ದರು.

ರಾಯಚೂರು ಸೀಮೆ 1956ರವರೆಗೆ ಹೈದರಾಬಾದು ರಾಜ್ಯದ ಭಾಗವಾಗಿತ್ತು. ಆ ರಾಜ್ಯದ ನಿಜಾಮಿಯಾ ವೀಕ್ಷಣಾಲಯ, 1887ರಲ್ಲಿ ಪ್ಯಾರಿಸ್‌ನಲ್ಲಿ ಸಂಕಲ್ಪಿತವಾದ ಆಕಾಶದ ಛಾಯಾಚಿತ್ರ ನಕಾಶೆಯ ಯೋಜನೆಯಲ್ಲಿ ಪಾಲ್ಗೊಂಡು, ದಕ್ಷಿಣ ಕ್ರಾಂತಿ 17ರಿಂದ 23 ಅಂಶಗಳವರೆಗಿನ ಪಟ್ಟಿಯನ್ನು ಅಳೆಯುವ ಹೊಣೆ ಹೊತ್ತಿತು. ಯುರೋಪಿನ ಸಹಯೋಗದ ಒಂದು ಕೊಂಡಿ ಹೀಗೆ ಈ ಸೀಮೆಯ ಅಂದಿನ ರಾಜಧಾನಿಯವರೆಗೆ ಬಂದಿತ್ತು. ಶಾಲೆಗಳಿಗೆ ಮಾತ್ರ ಅದು ಇಳಿಯಲಿಲ್ಲ.

1980ರ ಫೆಬ್ರವರಿ 16ರಂದು ಇದಕ್ಕಿಂತ ದೊಡ್ಡ ಅವಕಾಶ ಒದಗಿತು. ಅಂದಿನ ಪೂರ್ಣ ಸೂರ್ಯಗ್ರಹಣದ ಪಥ ಅಂಕೋಲೆಯ ಬಳಿ ಭೂಭಾಗವನ್ನು ಪ್ರವೇಶಿಸಿ ಹುಬ್ಬಳ್ಳಿ, ರಾಯಚೂರುಗಳ ಮಾರ್ಗವಾಗಿ ಸಾಗಿತು. ಭಾರತೀಯ ಖಭೌತ ಸಂಸ್ಥೆಯು ತನ್ನ ವೀಕ್ಷಣಾ ಶಿಬಿರಗಳಲ್ಲೊಂದನ್ನು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಹೂಡಿತ್ತು. ಸೂರ್ಯನ ಕಿರೀಟವನ್ನು ಅಭ್ಯಸಿಸಲು ವಿಜ್ಞಾನಿಗಳು ಉಪಕರಣಗಳ ಸಮೇತ ಅಲ್ಲಿಗೆ ಬಂದಿದ್ದರೆ, ದೇಶದ ಹಲವೆಡೆ ಅದೇ ಹೊತ್ತಿನಲ್ಲಿ ಬೀದಿಗಳು ಬರಿದಾಗಿ, ಜನ ಬಾಗಿಲು ಮುಚ್ಚಿಕೊಂಡು ಒಳಗುಳಿದಿದ್ದರು. ಬರಿಗಣ್ಣಿನಿಂದ ನೋಡಬಾರದೆಂಬ ಎಚ್ಚರಿಕೆ ಸರಿಯಾದುದೇ. ಸುರಕ್ಷಿತವಾಗಿ ನೋಡುವ ಬಗೆಯನ್ನು ಕಲಿಸುವ ಏರ್ಪಾಡು ಆ ಎಚ್ಚರಿಕೆಯ ಜೊತೆಗೆ ಸಾಕಷ್ಟು ಇರಲಿಲ್ಲ. ಪಾರ್ಶ್ವಹಂತವನ್ನು ಸೂಜಿರಂಧ್ರದ ಮೂಲಕ ಗೋಡೆಯ ಮೇಲೆ ಬೀಳಿಸಿ ನೋಡಬಹುದೆಂಬ ಸರಳ ಉಪಾಯವೊಂದು ಎಷ್ಟೋ ಶಾಲೆಗಳಿಗೆ ತಲುಪಿದ್ದರೆ ಒಂದು ತಲೆಮಾರಿನ ಮಕ್ಕಳ ಪಾಲಿಗೆ ಆ ದಿನ ಬೇರೆಯದೇ ಆಗುತ್ತಿತ್ತು.

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾದದ್ದೂ ಅದೇ 1980ರಲ್ಲಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಲ್ಲಿ, ಬೆಂಗಳೂರಿನ ತಾರಾಲಯ 1989ರಲ್ಲಿ ಆರಂಭವಾದವು. ಜನವಿಜ್ಞಾನ ಸಂಘಟನೆಗಳೂ ಇದೇ ಕಾಲದಲ್ಲಿ ಹಬ್ಬಿದವು. 1995ರ ಗ್ರಹಣ, 2004 ಹಾಗೂ 2012ರ ಶುಕ್ರಸಂಕ್ರಮಣ, 2009ರ ಅಂತರರಾಷ್ಟ್ರೀಯ ಖಗೋಳ ವರ್ಷ ಇವು ಇಂಥ ಸಂಸ್ಥೆಗಳನ್ನು ಹತ್ತಿರ ತಂದವು.

ಆದರೆ ಸಹಯೋಗಗಳ ಆಯುಷ್ಯ ಸಾಮಾನ್ಯವಾಗಿ ಅನುದಾನದ ಆಯುಷ್ಯವೇ ಆಗಿರುತ್ತದೆ. ಲೈಡನ್ ಕೇಂದ್ರಿತವಾಗಿ ಎಳೆಯ ಮಕ್ಕಳಿಗೆಂದು ರೂಪಿಸಿದ ವಿಶ್ವ ಅರಿವು ಕಾರ್ಯಕ್ರಮಕ್ಕೆ ಯುರೋಪಿಯನ್ ಒಕ್ಕೂಟದ ನೆರವು 2011ರಲ್ಲಿ ದೊರೆತು ಕೆಲವೇ ವರ್ಷಗಳಲ್ಲಿ ಮುಗಿಯಿತು. ಭಾರತದಲ್ಲಿ ಶಾಲಾ ವಿಜ್ಞಾನ ಸಂಘಗಳನ್ನು ಪೋಷಿಸಿದ ವಿಜ್ಞಾನ ಪ್ರಸಾರ ಸಂಸ್ಥೆ 2023ರಲ್ಲಿ ಮುಚ್ಚಿತು. ಶಿಕ್ಷಕರ ಸಂಘದ ಹೆಚ್ಚುಗಾರಿಕೆ ಇಲ್ಲಿ ಎದ್ದು ಕಾಣುತ್ತದೆ: ಯೋಜನೆ ತೀರಿದ ಮೇಲೂ ಶಿಕ್ಷಕ ತರಗತಿಯಲ್ಲಿ ಉಳಿಯುತ್ತಾನೆ. ಬೀದರಿನಿಂದ ಬಳ್ಳಾರಿಯವರೆಗಿನ ಕಲ್ಯಾಣ ಕರ್ನಾಟಕದ ವಿಜ್ಞಾನ ಶಿಕ್ಷಕರಿಗೆ ಬೇಕಾಗಿರುವುದು ಇನ್ನೊಂದು ಪ್ರದರ್ಶನವಲ್ಲ, ಪರಸ್ಪರ ಅಳತೆಗಳನ್ನು ಹಂಚಿಕೊಳ್ಳುವ ಇಂಥ ಒಂದು ಬಳಗ.

ಅದಕ್ಕೆ ದೂರದರ್ಶಕವೂ ಬೇಕಿಲ್ಲ. ಲಿಂಗಸುಗೂರಿನ ಅಕ್ಷಾಂಶ 16 ಅಂಶ 10 ಕಲೆಗಳಷ್ಟು. ಸೂರ್ಯ ಅಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಬಾರಿ, ಮೇ 5ರ ಮತ್ತು ಆಗಸ್ಟ್ 7–8ರ ಸುಮಾರಿಗೆ. ಮೇ ತಿಂಗಳಲ್ಲಿ ರಜೆ. ಆಗಸ್ಟಿನಲ್ಲಿ ಶಾಲೆ ನಡೆದಿರುತ್ತದೆ. ಅಂದು ಮಧ್ಯಾಹ್ನ 12.30ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ, ಅಲ್ಲಿಯ ನಡುಹಗಲಿನಲ್ಲಿ, ಒಂದು ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ ಸುಮಾರು 5.6 ಸೆಂಟಿಮೀಟರ್ ಚಾಚಿರುತ್ತದೆ. ಅದು ಸೂಚಿಸುವ ಕೋನ 3.2 ಅಂಶ. ಎರಡು ಊರುಗಳ ಉತ್ತರ–ದಕ್ಷಿಣ ಅಂತರ ಸುಮಾರು 355 ಕಿಲೋಮೀಟರ್. 3.2 ಅಂಶಕ್ಕೆ ಇಷ್ಟಾದರೆ 360 ಅಂಶಕ್ಕೆ ನಲವತ್ತು ಸಾವಿರ ಕಿಲೋಮೀಟರ್: ಭೂಮಿಯ ಸುತ್ತಳತೆ. ಎರಟೊಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಕಲಬುರಗಿಯೊಡನೆ ಈ ಅಳತೆ ಮಾಡಿದರೆ ಅಂತರ 130 ಕಿಲೋಮೀಟರಿಗೆ ಇಳಿಯುವುದರಿಂದ ಮೂರು ಮಿಲಿಮೀಟರಿನ ತಪ್ಪು ಶೇಕಡ 5ರ ಬದಲು ಶೇಕಡ 15ರ ದೋಷವನ್ನು ತರುತ್ತದೆ. ದೂರದ ಶಾಲೆಯ ಗೆಳೆತನ ಏಕೆ ಬೇಕೆಂಬುದು ಮಕ್ಕಳಿಗೆ ಲೆಕ್ಕದಿಂದಲೇ ತಿಳಿಯುತ್ತದೆ. ಮೋಡ ಕವಿದರೆ ಬೇರೊಂದು ದಿನ ಎರಡೂ ಊರುಗಳಲ್ಲಿ ನೆರಳಳೆದು ಕೋನಗಳ ವ್ಯತ್ಯಾಸ ತೆಗೆದರೂ ಉತ್ತರ ಅದೇ.

2027ರ ಆಗಸ್ಟ್ 2, ಸೋಮವಾರ, ಈಜಿಪ್ಟಿನಲ್ಲಿ ಪೂರ್ಣವಾಗಿ ಕಾಣುವ ಸೂರ್ಯಗ್ರಹಣ ಕರ್ನಾಟಕದಲ್ಲಿ ಸಂಜೆಯ ವೇಳೆ ಪಾರ್ಶ್ವವಾಗಿ ಸಂಭವಿಸಲಿದೆ. ನೆರಳಿಲ್ಲದ ದಿನಕ್ಕೆ ಆಗ ಐದಾರು ದಿನಗಳಷ್ಟೇ ಉಳಿದಿರುತ್ತವೆ. ಸೂಜಿರಂಧ್ರದ ರಟ್ಟು, ಒಂದು ಮೀಟರ್ ಕೋಲು, ಗಡಿಯಾರ ಹಾಗೂ ಅಳತೆಗಳನ್ನು ಬರೆದಿಡುವ ಕನ್ನಡದ ನಮೂನೆಯೊಂದು ಅಷ್ಟರೊಳಗೆ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಪ್ರೌಢಶಾಲೆಗಳನ್ನು ಸೇರಬೇಕಾಗಿದೆ.