ಸಾವಿರ ಅಡಿಯ ನೀರೂ ಅದರೊಳಗಿನ ವೈರಸ್ಸೂ

ಬೋರ್ ಆಳಕ್ಕೆ ಹೋದಷ್ಟೂ ನೀರು ನಿರ್ಜೀವ, ಆದ್ದರಿಂದ ಶುದ್ಧ ಎಂಬ ನಂಬಿಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬಲವಾಗಿದೆ. ಸಾವಿರ ಅಡಿ ದಾಟಿ ಕೊರೆಸಿದ ಮೇಲೆ ಸಿಕ್ಕ ನೀರನ್ನು ಅನುಮಾನಿಸಲು ಯಾರಿಗೆ ತಾನೇ ಮನಸ್ಸು ಬಂದೀತು? ಅನುಮಾನವಿದ್ದರೆ ಅದು ಫ್ಲೋರೈಡ್ ಬಗ್ಗೆ, ಮತ್ತು ಅದು ಸರಿಯೇ. ಆದರೆ ‘ನಿರ್ಜೀವ’ ಎಂಬ ಮಾತು ನಿಲ್ಲುವುದಿಲ್ಲ. ಸ್ವೀಡನ್ನಿನ ಎಸ್ಪೋದಲ್ಲಿ ಗ್ರಾನೈಟ್ ಬಂಡೆಯೊಳಗೆ ಕೊರೆದ ಪ್ರಯೋಗಾಲಯವೊಂದಿದೆ. ಅಲ್ಲಿ 69ರಿಂದ 450 ಮೀಟರ್ ಆಳದ ನೀರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೊಂದು ಮಿಲಿಲೀಟರಿನಲ್ಲೂ ಒಂದು ಲಕ್ಷದಿಂದ ಒಂದು ಕೋಟಿಯವರೆಗೆ ವೈರಸ್ ಕಣಗಳಿದ್ದವು. 450 ಮೀಟರ್ ಎಂದರೆ ಸುಮಾರು 1,475 ಅಡಿ. ನಮ್ಮ ಕಾಲಡಿ ಇರುವುದೂ ಗ್ರಾನೈಟ್ ಮತ್ತು ನೈಸ್ ಶಿಲೆಯೇ. ಅದು ಮಾತ್ರ ಬರಡಾಗಿದೆ ಎನ್ನಲು ಕಾರಣವಿಲ್ಲ.

ಹಾಗಾದರೆ ಆ ನೀರು ಕುಡಿದರೆ ರೋಗ ಬರುತ್ತದೆಯೇ? ಬಂಡೆಯಾಳದ ಈ ವೈರಸ್‌ಗಳು ಬಾಳುವುದು ಅಲ್ಲಿಯ ಬ್ಯಾಕ್ಟೀರಿಯಾಗಳ ಮೇಲೆ. ಇವನ್ನು ಫೇಜ್ ಎನ್ನುತ್ತಾರೆ. ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾವನ್ನಷ್ಟೇ ಹಿಡಿಯುತ್ತದೆ. ಮನುಷ್ಯನ ಜೀವಕೋಶಕ್ಕೆ ಸೋಂಕು ತಗುಲಿಸಲಾರದು. ಇದನ್ನು ಕೇಳಿದ ಕೆಲವರು ಇನ್ನೊಂದು ತುದಿಗೆ ಹೋಗಿ, ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ಸಿದ್ದರೆ ನೀರು ತಾನಾಗಿಯೇ ಶುದ್ಧವಾಗುತ್ತದಲ್ಲ ಎನ್ನುತ್ತಾರೆ. ಗಂಗೆ, ಯಮುನೆಯ ನೀರಿಗೆ ಕಾಲರಾ ರೋಗಾಣು ಕೊಲ್ಲುವ ಗುಣವಿದೆ ಎಂದು 1896ರಲ್ಲಿ ಬ್ರಿಟಿಷ್ ಬ್ಯಾಕ್ಟೀರಿಯಾ ತಜ್ಞ ಅರ್ನೆಸ್ಟ್ ಹ್ಯಾಂಕಿನ್ ಬರೆದಂದಿನಿಂದ ಈ ಆಸೆ ಜೀವಂತವಾಗಿದೆ. ಆದರೆ ಫೇಜ್ ತನ್ನ ಆತಿಥೇಯವನ್ನು ನಿರ್ನಾಮ ಮಾಡುವುದು ಅಪರೂಪ. ಎಷ್ಟೋ ಫೇಜ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೇ ಸೇರಿ ಸುಮ್ಮನಿರುತ್ತವೆ, ಒಮ್ಮೊಮ್ಮೆ ಔಷಧಕ್ಕೆ ಬಗ್ಗದ ಗುಣವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದೂ ಉಂಟು.

ಆದ್ದರಿಂದ ನೀರಿನಲ್ಲಿ ಫೇಜ್ ಇದೆಯೇ ಎನ್ನುವುದಕ್ಕಿಂತ ಯಾವ ಫೇಜ್ ಇದೆ ಎನ್ನುವುದು ಮುಖ್ಯ. ಬಂಡೆಯ ಬ್ಯಾಕ್ಟೀರಿಯಾದ ಫೇಜ್ ಬಂಡೆಯ ಸುದ್ದಿ ಹೇಳುತ್ತದೆ, ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಯುವ ಎಂಎಸ್2 ಎಂಬ ಫೇಜ್ ಸಿಕ್ಕಿದರೆ ಮಲಿನ ನೀರು ಒಳಹೊಕ್ಕಿದೆ ಎಂದೇ ಶಂಕಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಒಂದು ಲೀಟರ್ ನೀರಿನಲ್ಲಿ ಎಂಎಸ್2 ಇರಕೂಡದು ಎನ್ನುವುದು ಇದೇ ಕಾರಣಕ್ಕೆ. ಮಣ್ಣು ಎಲ್ಲವನ್ನೂ ಸೋಸುತ್ತದೆ, ಅಷ್ಟು ಆಳಕ್ಕೆ ಕೊಳಕು ಇಳಿಯುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಮಣ್ಣಿನ ಪದರ ನಿಜಕ್ಕೂ ಬಹಳಷ್ಟನ್ನು ಹಿಡಿದಿಡುತ್ತದೆ. ಆದರೆ ಎಂಎಸ್2 ಗಾತ್ರ ಸುಮಾರು 27 ನ್ಯಾನೋಮೀಟರ್, ಬ್ಯಾಕ್ಟೀರಿಯಾ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಕೂಡ ಹೆಚ್ಚುಕಡಿಮೆ ಎಂಎಸ್2ನಷ್ಟೇ ಸಣ್ಣದು. ಹಾಗಾಗಿ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಪಾಸಾದ ನೀರಿನಲ್ಲೂ ವೈರಸ್ ಉಳಿದಿರಬಹುದು. ಇನ್ನು ನಮ್ಮ ಬೋರ್‌ಗಳಿಗೆ ಕೇಸಿಂಗ್ ಪೈಪ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗಷ್ಟೇ. ಅದರ ಕೆಳಗೆ ಯಾವ ಬಿರುಕಿನಿಂದ ನೀರು ಬಂದರೂ ಒಂದೇ ಮೋಟಾರಿಗೆ ಸೇರುತ್ತದೆ. 1,200 ಅಡಿ ಬೋರಿನ ನೀರೆಲ್ಲ 1,200 ಅಡಿಯದ್ದಲ್ಲ.

ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಎಚ್‌ಎನ್ (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದೆ. ಚಿಂತಾಮಣಿಯ ಕೆಲವು ಕೆರೆಗಳಿಗೆ ಬರುವುದು ಅಂಥದ್ದೇ ಕೆಸಿ (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು. ಕೆರೆಯಿಂದ ಇಂಗುವ ನೀರೂ ಮೇಲಿನ ಬಿರುಕುಗಳ ಮೂಲಕ ಬೋರಿಗೆ ಸೇರಬಹುದು. ಬತ್ತಿದ ಕೆರೆಗಳು ತುಂಬಿದ್ದನ್ನು ಹಗುರ ಮಾಡಬೇಕಿಲ್ಲ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗನ್ನೂ ಹಗುರ ಮಾಡಬಾರದು. ಆ ಕೆರೆಗಳ ಆಸುಪಾಸಿನ ಬೋರ್‌ಗಳಲ್ಲಿ ಫ್ಲೋರೈಡ್ ಜೊತೆಗೆ ಎಂಎಸ್2 ಪರೀಕ್ಷೆಯೂ ನಿಯಮಿತವಾಗಿ ನಡೆಯಬೇಕು. ಅಲ್ಲಿಯವರೆಗೆ ನೀರನ್ನು ಚೆನ್ನಾಗಿ ಕುದಿಸಿದರೆ ವೈರಸ್ ನಾಶವಾಗುತ್ತದೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಅದಕ್ಕೆ ಆರ್‌ಒ ಘಟಕದಂಥ ಬೇರೆ ವ್ಯವಸ್ಥೆ ಬೇಕು.